ಪಟಾಕಿಗೆ ಮುಂಚೆ ಸಂಗೀತ

ಕೇಳುಗರಿಗೆಲ್ಲ ನಮಸ್ಕಾರ. ದೀಪಾವಳಿಗೆ ಇನ್ನು ಮೂರು ವಾರ ಇದೆ. ಮನೆಯಲ್ಲಿ ನಾಯಿ ಸಾಕಿದವರು ಇವತ್ತೇ ಶುರು ಮಾಡಬೇಕಾದ ಒಂದು ಕೆಲಸ ಇದೆ. ನಾಯಿಗೆ ಸಂಗೀತ ಕೇಳಿಸುವುದಾದರೆ ಅದು ನೆಮ್ಮದಿಯಾಗಿರುವಾಗಲೇ ಕೇಳಿಸಿ. ಹೆದರಿ ನಡುಗುತ್ತಿರುವಾಗ ಮೊದಲ ಸಲ ಹಾಕಿದ ಹಾಡಿನಿಂದ ಪ್ರಯೋಜನವಿಲ್ಲ. ಹಾಡು ಬಂದರೆ ಹಿಂದೆಯೇ ಪಟಾಕಿ ಬರುತ್ತದೆ ಎಂದು ನಾಯಿ ಲೆಕ್ಕ ಹಾಕಿಕೊಂಡುಬಿಟ್ಟರೆ, ಮುಂದೆ ಆ ಹಾಡಿಗೇ ಮಂಚದಡಿ ಸೇರುತ್ತದೆ.

ಯಾವ ರಾಗ ಹಾಕಬೇಕು ಎಂದು ಎಲ್ಲರೂ ಕೇಳುತ್ತಾರೆ. ರಾಗದ ಮಾತು ಆಮೇಲೆ, ದಯವಿಟ್ಟು ಮೊದಲು ವಾಲ್ಯೂಮ್ ತಗ್ಗಿಸಿ. ನಾಯಿಯ ಕಿವಿ ನಮ್ಮದಕ್ಕಿಂತ ಚುರುಕು. ಸದ್ದು ಎಷ್ಟು ಕೀರಲು ಎಂದು ಅಳೆಯುವ ಹರ್ಟ್ಸ್ ಲೆಕ್ಕದಲ್ಲಿ ನಮ್ಮ ಕಿವಿ ಸುಮಾರು 20,000ದವರೆಗೆ ಕೇಳಿಸಿಕೊಂಡರೆ ನಾಯಿಯದು ಸುಮಾರು 45,000ದವರೆಗೆ ಹೋಗುತ್ತದೆ. ಪಕ್ಕದಲ್ಲಿ ಕೂತು ಇಬ್ಬರು ಮಾಮೂಲಿ ದನಿಯಲ್ಲಿ ಮಾತಾಡಿದರೆ ಹಾಡು ಮಾತಿನ ಕೆಳಗೆ ಇರಬೇಕು. ಅದಕ್ಕಿಂತ ಜೋರು ಬೇಡ. ಪಟಾಕಿ ಸದ್ದು ಮುಚ್ಚಿಹೋಗಲಿ ಎಂದು ಜೋರು ಮಾಡುವವರಿದ್ದಾರೆ. ಆಗ ನಾಯಿಗೆ ಎರಡು ಗದ್ದಲ.

ಇಲ್ಲಿ ಸ್ಕಾಟ್ಲೆಂಡಿನ ಒಂದು ಪ್ರಯೋಗದ ಕಥೆ ಹೇಳಲೇಬೇಕು, ಸ್ವಲ್ಪ ಉದ್ದವಾದರೂ ಸರಿ. ಗ್ಲಾಸ್ಗೋ ವಿಶ್ವವಿದ್ಯಾಲಯದವರು ಅಲ್ಲಿನ ಪ್ರಾಣಿದಯಾ ಸಂಘದ ಜತೆ ಸೇರಿ, ಯಜಮಾನರಿಲ್ಲದೆ ಆಶ್ರಯಧಾಮದಲ್ಲಿದ್ದ ನಾಯಿಗಳಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಿಸಿದರು. ಬೊಗಳುತ್ತಿದ್ದ ಶಬ್ದವನ್ನಷ್ಟೇ ನೋಡಿ ಸುಮ್ಮನಾಗಲಿಲ್ಲ, ಹೃದಯದ ಬಡಿತವನ್ನೂ ಅಳೆದರು. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವಿನ ಅಂತರ ನೆಮ್ಮದಿಯಲ್ಲಿರುವಾಗ ಕೊಂಚ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಒತ್ತಡ ಏರಿದಾಗ ಈ ಏರಿಳಿತ ಕುಗ್ಗುತ್ತದೆ. ಮೊದಲ ದಿನ ಫಲ ಚೆನ್ನಾಗಿತ್ತು. ಬೊಗಳುವುದು, ಸುಮ್ಮನೆ ನಿಂತೇ ಇರುವುದು ಕಡಿಮೆಯಾಯಿತು. ಏಳನೇ ದಿನ ನೋಡಿದರೆ ಹೃದಯದಲ್ಲೂ ನಡವಳಿಕೆಯಲ್ಲೂ ಕಂಡಿದ್ದ ಆ ಬದಲಾವಣೆ ಉಳಿದಿರಲಿಲ್ಲ! ಕಿವಿ ಒಗ್ಗಿಹೋಗಿತ್ತು. ಅದಕ್ಕೇ ಮುಂದಿನ ಸಲ ದಿನಕ್ಕೊಂದು ಬಗೆ ಹಾಕಿದರು: ಮೆಲುದನಿಯ ಸಾಫ್ಟ್ ರಾಕ್, ಅಮೆರಿಕದ ಮೋಟೌನ್, ಪಾಪ್, ಜಮೈಕಾದ ರೆಗೆ, ಶಾಸ್ತ್ರೀಯ. 2017ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಯಾವ ಬಗೆ ಹಾಕಿದರೂ ನಾಯಿಗಳು ಹೆಚ್ಚು ಹೊತ್ತು ಮಲಗಿದವು. ಹೃದಯದ ಏರಿಳಿತ ಮಾತ್ರ ಸಾಫ್ಟ್ ರಾಕ್ ಮತ್ತು ರೆಗೆಗೆ ಹೆಚ್ಚು ಚೆನ್ನಾಗಿತ್ತು. ನನಗೆ ಬಹಳ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ: ಸಂಗೀತ ನಿಂತ ಕೂಡಲೇ ಬೊಗಳಾಟ ಹೆಚ್ಚಾಯಿತು.

ಇದರಿಂದ ನಮಗೆ ಎರಡು ಪಾಠ. ಒಂದೇ ಹಾಡನ್ನು ದಿನಗಟ್ಟಲೆ ತಿರುಗಿಸಬೇಡಿ, ನಾಲ್ಕೈದು ಬೇರೆ ಬೇರೆ ಇಟ್ಟುಕೊಳ್ಳಿ. ನಿಲ್ಲಿಸುವಾಗ ಗಕ್ಕನೆ ಆಫ್ ಮಾಡದೆ ಎರಡು ಮೂರು ನಿಮಿಷದಲ್ಲಿ ಮೆಲ್ಲಗೆ ಇಳಿಸಿ.

ಈಗ ರಾಗದ ಮಾತು. ನಿಧಾನ ಲಯ, ಮಂದ್ರ ಸ್ಥಾಯಿ ಅಂದರೆ ತಗ್ಗಿನ ಸ್ವರ, ಒಂದೋ ಎರಡೋ ವಾದ್ಯ ಇದ್ದರೆ ಸಾಕು. ವೀಣೆಯ ಆಲಾಪನೆ ಆಗಬಹುದು, ಸರೋದ್ ಆಗಬಹುದು. ಮೃದಂಗದವರು ಒಂಟಿಯಾಗಿ ನುಡಿಸುವ ತನಿ ಆವರ್ತನ, ಚೆಂಡೆ, ಅಬ್ಬರದ ರಾಕ್ ಆದ ಹೆವಿ ಮೆಟಲ್ ಬೇಡ. 2002ರಲ್ಲಿ ಬೆಲ್‌ಫಾಸ್ಟ್‌ನ ಸಂಶೋಧಕಿ ಡೆಬೊರಾ ವೆಲ್ಸ್ ಮತ್ತು ಸಂಗಡಿಗರು ಹೆವಿ ಮೆಟಲ್ ಕೇಳಿಸಿದಾಗ ಆಶ್ರಯಧಾಮದ ನಾಯಿಗಳು ಹೆಚ್ಚು ಬೊಗಳಿದ್ದವು.

ಮನೆಯಲ್ಲಿ ಮಾಡುವುದು ಹೀಗೆ. ಸಂಜೆ ವಾಕಿಂಗ್ ಆಗಿ, ಊಟ ಆಗಿ, ನಾಯಿ ತಾನಾಗಿ ಕಾಲು ಚಾಚಿ ಮಲಗಲಿ. ಆಮೇಲೆ ಹಾಡು ಹಾಕಿ, 20ರಿಂದ 30 ನಿಮಿಷ. ಸ್ಪೀಕರ್ ಅದರ ಹಾಸಿಗೆಯಿಂದ ಆರೇಳು ಅಡಿ ದೂರ, ನೆಲಕ್ಕಿಂತ ಮೇಲೆ ಇರಲಿ. ನೆಲದ ಮೇಲಿಟ್ಟರೆ ಅದುರುವುದು ಅದರ ಹೊಟ್ಟೆಗೆ ತಾಗುತ್ತದೆ. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಂಡು ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಆಲಾಪನೆಯ ನಡುವೆ ಜಾಹೀರಾತು ಅರಚುತ್ತದೆ, ಮೆಸೇಜು ಟಿಂಗ್ ಅನ್ನುತ್ತದೆ, ಮಲಗಿದ್ದ ನಾಯಿ ಎದ್ದು ನಿಲ್ಲುತ್ತದೆ. ನೀವು ಹೊರಗೆ ಹೊರಡುವಾಗ ಮಾತ್ರ ಹಾಕುವ ಅಭ್ಯಾಸವೂ ಕೆಟ್ಟದ್ದು. ಯಜಮಾನ ಹೊರಟ ಎನ್ನುವುದಕ್ಕೆ ಆ ಹಾಡೇ ಗುರುತಾಗಿಬಿಡುತ್ತದೆ. ನೀವು ಮನೆಯಲ್ಲಿದ್ದು, ನಾಯಿ ನೆಮ್ಮದಿಯಾಗಿರುವಾಗ ಹಾಕಿ. ಮತ್ತೆ ಮತ್ತೆ ಹೇಳುತ್ತಿದ್ದೇನೆ, ಯಾಕೆಂದರೆ ಇಲ್ಲೇ ಎಲ್ಲರೂ ತಪ್ಪುತ್ತಾರೆ.

ನಾಯಿಗೆ ಹಿಡಿಸುತ್ತಿದೆಯೋ ಇಲ್ಲವೋ ಎಂದು ಅದರ ಮೈಯೇ ಹೇಳುತ್ತದೆ. ನಿದ್ದೆಯಿಲ್ಲದೆ ಆಕಳಿಸುವುದು, ಪದೇ ಪದೇ ಮೂತಿ ನೆಕ್ಕಿಕೊಳ್ಳುವುದು, ಕಿವಿ ಹಿಂದಕ್ಕೆ ಮಡಚುವುದು, ಸೆಕೆಯಿಲ್ಲದೆ ಏದುಸಿರು ಬಿಡುವುದು ಕಂಡರೆ ಇನ್ನೂ ತಗ್ಗಿಸಿ, ಇಲ್ಲವೇ ಬೇರೆ ಹಾಕಿ. ಗಲ್ಲವನ್ನು ನೆಲಕ್ಕೆ ಇಟ್ಟು, ಒಂದು ಪಕ್ಕಕ್ಕೆ ಸೊಂಟ ಹೊರಳಿಸಿ ಮಲಗಿದರೆ ಹಿಡಿಸಿತು ಅನ್ನಿ.

ಸಮಯ ಕಡಿಮೆ ಇದೆ, ಹಬ್ಬದ ದಿನದ ಮಾತು ಬೇಗ ಹೇಳಿಬಿಡುತ್ತೇನೆ. ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ. ನಾಯಿ ಒಳಗಿನ ಕೋಣೆಯಲ್ಲಿರಲಿ, ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಮೊದಲ ಪಟಾಕಿಗೆ ಅರ್ಧ ಗಂಟೆ ಮುಂಚೆಯೇ ಹಾಡು ಶುರುವಾಗಿರಲಿ. ಸರಪಳಿ ಬೇಡ. ಮಂಚದಡಿ ಹೋದರೆ ಎಳೆಯಬೇಡಿ. ಹತ್ತಿರ ಬಂದರೆ ಸವರಿ, ಸವರಿದರೆ ಭಯ ಹೆಚ್ಚಾಗುತ್ತದೆ ಎನ್ನುವ ಮಾತು ನಿಜವಲ್ಲ.

ಜೊಲ್ಲು ಸುರಿಸುತ್ತಾ ಬಾಗಿಲು ಕೆರೆದು ಉಗುರಿಗೆ ಗಾಯ ಮಾಡಿಕೊಳ್ಳುವ ನಾಯಿಗೆ ಹಾಡು ಸಾಲದು. ಈ ವಾರವೇ ಪಶುವೈದ್ಯರನ್ನು ಕಾಣಿ, ಮನುಷ್ಯರ ನಿದ್ದೆ ಮಾತ್ರೆಯನ್ನು ಯಾವ ಕಾರಣಕ್ಕೂ ಕೊಡಬೇಡಿ. ಉಳಿದವರು ಇವತ್ತು ಸಂಜೆ ಊಟದ ನಂತರ ಮೊದಲ 20 ನಿಮಿಷ ಹಾಕಿ ನೋಡಿ. ನಮಸ್ಕಾರ.