ಮೂರು ಗಂಟೆಯ ಆಟ ತೋರಿಸದ ಟಿವಿ: ಬ್ರಿಟನ್ನಿನ ಹಳೇ ಶನಿವಾರ

ನಮಸ್ಕಾರ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ 3 ಗಂಟೆಗೆ ಶುರುವಾಗೋ ಪ್ರೀಮಿಯರ್ ಲೀಗ್ ಪಂದ್ಯವನ್ನ ನಾವು ಬೆಂಗಳೂರಿನಲ್ಲಿ ಕೂತು ನೇರಪ್ರಸಾರದಲ್ಲಿ ನೋಡ್ತೀವಿ. ಅದೇ ಸ್ಟೇಡಿಯಂನ ಪಕ್ಕದ ಬೀದಿಯಲ್ಲಿ ಮನೆ ಇರೋನಿಗೆ ಆ ಭಾಗ್ಯ ಇಲ್ಲ. ಶನಿವಾರ 2.45ರಿಂದ 5.15ರವರೆಗೆ ಬ್ರಿಟನ್ನಿನ ಟಿವಿಯಲ್ಲಿ ಫುಟ್‌ಬಾಲ್ ನೇರಪ್ರಸಾರಕ್ಕೆ ತಡೆ. ಯಾಕೆ ಅಂತ ನಿಮ್ಮಲ್ಲಿ ಹಲವರು ಕೇಳಿದೀರಿ.

ಉತ್ತರ ಚಿಕ್ಕದು. ಮನೆಯಲ್ಲೇ ಆಟ ಸಿಕ್ಕರೆ ಮೈದಾನಕ್ಕೆ ಯಾರು ಬರ್ತಾರೆ ಅನ್ನೋ ಭಯ. ಬರ್ನ್‌ಲೀ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಈ ವಾದದ ಮುಂದಾಳು. 1960ರ ಸೆಪ್ಟೆಂಬರ್ 10ರಂದು ಐಟಿವಿ ಅನ್ನೋ ಖಾಸಗಿ ಚಾನೆಲ್ ಬ್ಲ್ಯಾಕ್‌ಪೂಲ್–ಬೋಲ್ಟನ್ ಲೀಗ್ ಪಂದ್ಯವನ್ನ ಸಂಜೆ ಹೊತ್ತಿಗೆ ನೇರ ತೋರಿಸಿ ನೋಡಿತು. ಕ್ಲಬ್ಬುಗಳು ಒಪ್ಪಲಿಲ್ಲ, ಅದು ಅಲ್ಲಿಗೇ ನಿಂತಿತು. ಲೀಗ್ ಪಂದ್ಯ ಮತ್ತೆ ನೇರವಾಗಿ ಟಿವಿಗೆ ಬಂದಿದ್ದು 1983ರಲ್ಲಿ. ನಡುವೆ 23 ವರ್ಷ!

ನನ್ನನ್ನ ಹಿಡಿದಿಟ್ಟಿದ್ದು ಈ 23 ವರ್ಷ. ಇಡೀ ದೇಶದ ಕಿವಿ ಫುಟ್‌ಬಾಲ್ ಕಡೆಗಿದೆ, ಆದರೆ ಅದನ್ನ ತೋರಿಸೋ ಹಾಗಿಲ್ಲ. ಹಾಗಾದ್ರೆ ಟಿವಿಯವರು ಮಧ್ಯಾಹ್ನ ಪೂರ್ತಿ ಏನು ಮಾಡಿದ್ರು?

[ದೃಶ್ಯ: ಕಪ್ಪು-ಬಿಳುಪು ಸ್ಟುಡಿಯೋ, ಮೇಜಿನ ಹಿಂದೆ ನಿರೂಪಕ]

ಬಿಬಿಸಿ 1958ರ ಅಕ್ಟೋಬರ್ 11ರಂದು 'ಗ್ರ್ಯಾಂಡ್‌ಸ್ಟ್ಯಾಂಡ್' ಶುರು ಮಾಡಿತು. ಕುದುರೆ ರೇಸ್, ರಗ್ಬಿ, ಬಾಕ್ಸಿಂಗ್, ಬೇಸಿಗೆಯಲ್ಲಿ ಕ್ರಿಕೆಟ್, ಎಲ್ಲ ಒಂದೇ ಕಾರ್ಯಕ್ರಮದಲ್ಲಿ. ಐಟಿವಿ 1965ರಲ್ಲಿ 'ವರ್ಲ್ಡ್ ಆಫ್ ಸ್ಪೋರ್ಟ್' ತಂದಿತು. ಅಲ್ಲಿ 4 ಗಂಟೆಗೆ ಕುಸ್ತಿ. ಬಿಗ್ ಡ್ಯಾಡಿ, ಜೈಂಟ್ ಹೇಸ್ಟ್ಯಾಕ್ಸ್ ಅಂತ ಭಾರೀ ದೇಹದ ಪೈಲ್ವಾನರು. ಆ ಹೊತ್ತನ್ನ ಗಮನಿಸಿ: ಫುಟ್‌ಬಾಲ್‌ನ ಮಧ್ಯಂತರ ಮುಗಿದು ಫಲಿತಾಂಶ ಬರೋವರೆಗಿನ ಖಾಲಿ ಜಾಗಕ್ಕೆ ಕುಸ್ತಿಯನ್ನ ಸರಿಯಾಗಿ ಕೂರಿಸಿದ್ರು. ತೋರಿಸಲಾಗದ ಆಟವೇ ಉಳಿದ ಎಲ್ಲದಕ್ಕೂ ಸಮಯ ನಿಗದಿ ಮಾಡ್ತಿತ್ತು.

ಸುಮಾರು 4.40ಕ್ಕೆ ಪಂದ್ಯಗಳು ಮುಗೀತಿದ್ವು. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳ್ತೀನಿ.

ಬಿಬಿಸಿ ಸ್ಟುಡಿಯೋದಲ್ಲಿ ಟೆಲಿಪ್ರಿಂಟರ್ ಇತ್ತು, ಅಂದ್ರೆ ತಂತಿಯಲ್ಲಿ ಬಂದ ಸುದ್ದಿಯನ್ನ ತಾನೇ ಟೈಪ್ ಮಾಡೋ ಯಂತ್ರ. ಅದರ ಅಕ್ಷರಗಳನ್ನೇ ನೇರ ಪರದೆ ಮೇಲೆ ತೋರಿಸ್ತಿದ್ರು. ಮೊದಲು ಆತಿಥೇಯ ತಂಡದ ಹೆಸರು, ಅದರ ಗೋಲು, ಆಮೇಲೆ ಎದುರಾಳಿ, ಅವರ ಗೋಲು. ಟಕ್, ಟಕ್, ಟಕ್, ಒಂದೊಂದೇ ಅಕ್ಷರ. 'ಮ್ಯಾಂಚೆಸ್ಟರ್' ಅಂತ ಮೂಡಿತು ಅನ್ನಿ. ಮುಂದಿನ ಅಕ್ಷರ 'ಯು' ಆದ್ರೆ ಯುನೈಟೆಡ್, 'ಸಿ' ಆದ್ರೆ ಸಿಟಿ. ಆ ಒಂದು ಅಕ್ಷರಕ್ಕೆ ಅರ್ಧ ಊರು ಉಸಿರು ಬಿಗಿಹಿಡಿದು ಕೂತಿರುತ್ತೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶವನ್ನ ಶಾಲೆಯ ನೋಟಿಸ್ ಬೋರ್ಡಿಗೆ ಅಂಟಿಸ್ತಿದ್ದ ಕಾಲದಲ್ಲಿ, ಬೆರಳಿಟ್ಟು ನಂಬರ್ ಹುಡುಕಿದವರಿಗೆ ಆ ಎದೆಬಡಿತ ಅರ್ಥವಾಗುತ್ತೆ. ಯಾರಾದರೂ 7 ಗೋಲು ಹೊಡೆದಿದ್ರೆ ಅಂಕಿಯ ಪಕ್ಕದಲ್ಲಿ 'ಏಳು' ಅಂತ ಅಕ್ಷರದಲ್ಲೂ ಬರ್ತಿತ್ತು, ಟೈಪಿಂಗ್ ತಪ್ಪು ಅಂತ ಜನ ಅಂದುಕೊಳ್ಳಬಾರದು ಅಂತ.

ಆಮೇಲೆ ಪೂರ್ತಿ ಪಟ್ಟಿಯನ್ನ ಲೆನ್ ಮಾರ್ಟಿನ್ ಓದ್ತಿದ್ರು. 1958ರ ಮೊದಲ ಕಾರ್ಯಕ್ರಮದಿಂದ 1995ರಲ್ಲಿ ತೀರಿಕೊಳ್ಳೋವರೆಗೂ ಅವರದೇ ದನಿ. ಎರಡನೇ ತಂಡದ ಹೆಸರು ಹೇಳುವಾಗಲೇ ದನಿ ಏರಿತೋ, ಇಳಿಯಿತೋ ಅನ್ನೋದರಲ್ಲಿ ಗೆದ್ದವರು ಯಾರು ಅಂತ ತಿಳೀತಿತ್ತು. ಅಂಕಿ ಆಮೇಲೆ ಬರ್ತಿತ್ತು.

ಫುಟ್‌ಬಾಲ್ ಗಂಧ ಇಲ್ಲದವರೂ ಕಾಗದ-ಪೆನ್ನು ಹಿಡಿದು ಇದನ್ನ ಕೇಳ್ತಿದ್ರು. ಕಾರಣ 'ಪೂಲ್ಸ್'. ಡ್ರಾ ಆಗುವ 8 ಪಂದ್ಯ ಊಹಿಸಿ ಕೂಪನ್ ತುಂಬಿ ಕಳಿಸೋ ಬಾಜಿ ಅದು. 1961ರಲ್ಲಿ ಕ್ಯಾಸಲ್‌ಫರ್ಡ್ ಅನ್ನೋ ಗಣಿ ಊರಿನ ಕೀತ್ ಮತ್ತು ವಿವ್ ನಿಕೋಲ್ಸನ್ ದಂಪತಿಗೆ 1,52,319 ಪೌಂಡ್ ಹೊಡೀತು. ಅವರಿಗೆ ಚೆಕ್ ಕೊಟ್ಟವರು ಬ್ರೂಸ್ ಫೋರ್ಸೈತ್. ಈ ಹೆಸರು ನೆನಪಿಟ್ಟುಕೊಳ್ಳಿ.

[ದೃಶ್ಯ: ಹಿಮದಲ್ಲಿ ಮುಚ್ಚಿಹೋದ ಮೈದಾನ]

ಈಗ 1963ರ ಚಳಿಗಾಲ. ಮೈದಾನಗಳು ಹೆಪ್ಪುಗಟ್ಟಿ ಕಲ್ಲಾಗಿದ್ವು. ಎಫ್‌ಎ ಕಪ್ ಅನ್ನೋ ನಾಕೌಟ್ ಟೂರ್ನಿಯ ಮೂರನೇ ಸುತ್ತು ಒಂದೇ ಮುಗಿಯೋಕೆ 66 ದಿನ ಹಿಡಿಯಿತು. ಪಂದ್ಯ ಇಲ್ಲ ಅಂದ್ರೆ ಪೂಲ್ಸ್ ಇಲ್ಲ, ಪೂಲ್ಸ್ ಕಂಪನಿಗಳಿಗೆ ನಷ್ಟ. ಏನು ಮಾಡಿದ್ರು ಗೊತ್ತಾ? ಜನವರಿ 26ರ ಶನಿವಾರ ಲಂಡನ್ನಿನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಳೇ ಆಟಗಾರರು ಕೂತರು. ಟಾಮ್ ಫಿನ್ನಿ, ಟಾಮಿ ಲಾಟನ್, ಟೆಡ್ ಡ್ರೇಕ್, ಜಾರ್ಜ್ ಯಂಗ್, ಜೊತೆಗೆ ರೆಫರಿ ಆರ್ಥರ್ ಎಲ್ಲಿಸ್. ಆಡಿದ್ದರೆ ಏನಾಗ್ತಿತ್ತು ಅಂತ ಒಂದೊಂದೇ ಪಂದ್ಯ ಚರ್ಚೆ ಮಾಡಿ ತೀರ್ಪು ಕೊಟ್ಟರು: ಇದು ಆತಿಥೇಯರ ಗೆಲುವು, ಅದು ಡ್ರಾ. ಆ ತೀರ್ಪು ಟಿವಿಯಲ್ಲಿ ಪ್ರಕಟವಾಯಿತು, ಜನ ಕೂಪನ್ ಮೇಲೆ ಗುರುತು ಹಾಕಿಕೊಂಡರು. ನಡೆದ ಪಂದ್ಯವನ್ನ ತೋರಿಸೋ ಹಾಗಿಲ್ಲದ ಟಿವಿಯಲ್ಲಿ, ನಡೆಯದ ಪಂದ್ಯದ ಫಲಿತಾಂಶ! ಈ ವಿಷಯವನ್ನ ನಾನು ಸಿಕ್ಕವರಿಗೆಲ್ಲ ಹೇಳ್ತಾ ಇರ್ತೀನಿ.

ಸಂಜೆಯ ಭಾಗಕ್ಕೆ ಬೇಗ ಬರ್ತೀನಿ, ಸಮಯ ಓಡ್ತಿದೆ. 'ಗ್ರ್ಯಾಂಡ್‌ಸ್ಟ್ಯಾಂಡ್' ಮುಗಿದ ಮೇಲೆ, 'ಜ್ಯೂಕ್ ಬಾಕ್ಸ್ ಜ್ಯೂರಿ' ಅನ್ನೋ ಪಾಪ್ ಸಂಗೀತದ ಕಾರ್ಯಕ್ರಮಕ್ಕೆ ಮೊದಲು ಒಂದು ಸಂದು ಉಳೀತಿತ್ತು. ಆಟ ನೋಡ್ತಿದ್ದ ಅಪ್ಪ, ಹಾಡಿಗೆ ಕಾಯ್ತಿದ್ದ ಮಕ್ಕಳು, ಇಬ್ಬರನ್ನೂ ಹಿಡಿದಿಡೋ ಧಾರಾವಾಹಿ ಬೇಕಿತ್ತು. ಹಾಗೆ ಶುರುವಾಗಿದ್ದು ಕಾಲಯಾನದ ಕಥೆ 'ಡಾಕ್ಟರ್ ಹೂ'. ಮೊದಲ ಕಥೆಯ ನಿರ್ದೇಶಕ ವಾರಿಸ್ ಹುಸೇನ್, ಹುಟ್ಟಿದ್ದು ನಮ್ಮ ಲಖನೌನಲ್ಲಿ. ಮೊದಲ ಕಂತು ಬಂದಿದ್ದು 1963ರ ನವೆಂಬರ್ 23, ಕೆನಡಿ ಹತ್ಯೆಯ ಮರುದಿನ. ಮುಂದಿನ ವಾರ ಅದನ್ನೇ ಇನ್ನೊಮ್ಮೆ ಹಾಕಬೇಕಾಯಿತು. 1971ರಿಂದ ಸಂಜೆಗೆ 'ಜನರೇಷನ್ ಗೇಮ್' ಅನ್ನೋ ಸ್ಪರ್ಧೆಯ ಕಾರ್ಯಕ್ರಮ, ನಡೆಸಿಕೊಟ್ಟವರು ಅದೇ ಚೆಕ್ ಕೊಟ್ಟ ಬ್ರೂಸ್ ಫೋರ್ಸೈತ್. ಫುಟ್‌ಬಾಲ್‌ನ ಮುಖ್ಯಾಂಶ ರಾತ್ರಿ, 1964ರಲ್ಲಿ ಶುರುವಾದ 'ಮ್ಯಾಚ್ ಆಫ್ ದ ಡೇ'ಯಲ್ಲಿ.

ಕೊನೆಗೆ ನಮಗೆ ಹತ್ತಿರವಾದ ಎರಡು ಶನಿವಾರ. 1983ರ ಜೂನ್ 25, ಲಾರ್ಡ್ಸ್, ಕ್ರಿಕೆಟ್ ವಿಶ್ವಕಪ್ ಫೈನಲ್. ತಂಡದಲ್ಲಿ ನಮ್ಮ ರೋಜರ್ ಬಿನ್ನಿ, ಸೈಯದ್ ಕಿರ್ಮಾನಿ. ಅದರ ದೃಶ್ಯ ಎಲ್ಲರೂ ನೋಡಿದೀವಿ. ಒಂದು ವಾರ ಹಿಂದೆ, ಜೂನ್ 18, ಅದೂ ಶನಿವಾರವೇ, ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17ಕ್ಕೆ 5. ಕಪಿಲ್ ಔಟಾಗದೆ 175. ಇನ್ನೊಂದು ತುದಿಯಲ್ಲಿ ಕಿರ್ಮಾನಿ, ಔಟಾಗದೆ 24. ಇಬ್ಬರೂ ಮುರಿಯದ 9ನೇ ವಿಕೆಟ್‌ಗೆ ಸೇರಿಸಿದ್ದು 126 ರನ್. ಆ ಮೈದಾನದಲ್ಲಿ ಟಿವಿ ಕ್ಯಾಮೆರಾ ಇರಲಿಲ್ಲ. ಸ್ಕೋರ್‌ಕಾರ್ಡ್ ಇದೆ, ಫೋಟೋಗಳಿವೆ, ವಿಡಿಯೋ ಇಲ್ಲ. ಆ 126 ರನ್‌ನ ಕಥೆಯನ್ನ ಓವರ್ ಓವರ್ ಆಗಿ, ಕಿರ್ಮಾನಿ ಅವರ ಬಾಯಿಂದಲೇ ಕೇಳಿ, ಯಾರಾದರೂ ಕನ್ನಡದಲ್ಲಿ ದಾಖಲು ಮಾಡಬೇಕು ಅನ್ನೋದು ನನ್ನ ದೊಡ್ಡ ಆಸೆ.