ಪೂಜೆ ನಿಮ್ಮದು, ಲೆಕ್ಕ ಊರಿನದು

ಮುಂಬೈಯ ಕನ್ನಡ ಕೇಳುಗರಿಗೆಲ್ಲ ನಮಸ್ಕಾರ.

ದೇವಸ್ಥಾನವೋ ಮಠವೋ ದರ್ಗಾವೋ, ಯಾವುದಾದರೂ ಒಂದು ಕೋರ್ಟಿನ ಮೆಟ್ಟಿಲು ಹತ್ತಿದ ಸುದ್ದಿ ಬಂದರೆ ಸಾಕು, ನಮ್ಮವರ ಬಾಯಲ್ಲಿ ಒಂದು ಮಾತು ತಯಾರಾಗಿರುತ್ತದೆ. "ದೇವರ ವಿಷಯದಲ್ಲಿ ಈ ಕೋರ್ಟು ಯಾಕೆ ತಲೆ ಹಾಕಬೇಕು?" ಡೊಂಬಿವಲಿ ಲೋಕಲಿನಲ್ಲಿ ಕೇಳಿದ್ದೇನೆ. ಮಾಟುಂಗಾದ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದೇನೆ. ನನ್ನ ಆಫೀಸಿಗೇ ಬಂದು ಕೂತು ಕೇಳಿದವರೂ ಇದ್ದಾರೆ. ನಾನು ವಕೀಲ. ಸಂಘ ಸಂಸ್ಥೆಗಳ, ದೇವಸ್ಥಾನಗಳ ಟ್ರಸ್ಟಿನ ಕೆಲಸವನ್ನೇ ಜಾಸ್ತಿ ಮಾಡಿದವನು. ಉತ್ತರ ಚಿಕ್ಕದು, ದಯವಿಟ್ಟು ನೆನಪಿಟ್ಟುಕೊಳ್ಳಿ. ಪೂಜೆ ನಿಮ್ಮದು, ಲೆಕ್ಕ ಊರಿನದು.

ಯಾವ ದೇವರಿಗೆ ಕೈ ಮುಗಿಯಬೇಕು, ಎಷ್ಟು ಹೊತ್ತಿಗೆ ಆರತಿ, ಯಾವ ಮಂತ್ರ, ಯಾವ ನೈವೇದ್ಯ, ಇದನ್ನು ಕೇಳಲು ಯಾವ ಅಧಿಕಾರಿಯೂ ಬರಕೂಡದು. ಆದರೆ ಆ ದೇವರ ಹೆಸರಿನಲ್ಲಿ ಬಂದ ದುಡ್ಡು, ಜಾಗ, ಬಾಡಿಗೆ, ಹುಂಡಿ ಇದೆಯಲ್ಲ, ಅದರ ಲೆಕ್ಕವನ್ನು ಊರು ಕೇಳುತ್ತದೆ. ಊರಿನ ಪರವಾಗಿ ಕಾನೂನು ಕೇಳುತ್ತದೆ.

ಇದನ್ನು 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಒಟ್ಟಿಗೆ ಕೂತು ತೀರ್ಮಾನಿಸಿದರು. ಆ ತೀರ್ಪು ಹುಟ್ಟಿದ್ದು ಎಲ್ಲಿಂದ ಗೊತ್ತೇ? ನಮ್ಮ ಉಡುಪಿಯ ಒಂದು ಮಠದ ಸಾಲದಿಂದ. ಮುಂಬೈಯಲ್ಲಿ ಇಷ್ಟೊಂದು ಮಂದಿ ಉಡುಪಿಯವರಿದ್ದೀರಿ, ಇಡ್ಲಿ ದೋಸೆಯ ಚರಿತ್ರೆ ಎಲ್ಲರಿಗೂ ಬಾಯಿಪಾಠ. ಈ ಚರಿತ್ರೆ ಮಾತ್ರ ಯಾರಿಗೂ ಗೊತ್ತಿಲ್ಲ. ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಉಡುಪಿಯ ಅಷ್ಟಮಠಗಳಲ್ಲಿ ಶಿರೂರು ಮಠ ಒಂದು. ಶ್ರೀಕೃಷ್ಣನ ಪೂಜೆ ಎಂಟು ಮಠಗಳಿಗೂ ಸರದಿಯ ಮೇಲೆ ಬರುತ್ತದೆ, ಒಬ್ಬೊಬ್ಬರಿಗೆ ಎರಡೆರಡು ವರ್ಷ. ಅದೇ ಪರ್ಯಾಯ. ಪರ್ಯಾಯ ಅಂದರೆ ಪೂಜೆಯಷ್ಟಕ್ಕೇ ಮುಗಿಯುವುದಿಲ್ಲ, ಬಂದವರಿಗೆಲ್ಲ ಊಟ ಹಾಕಬೇಕು. ಎರಡು ವರ್ಷ, ದಿನಾ. ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ ಅಂತ ತುಂಬ ಮೊದಲೇ ತಯಾರಿ ಶುರುವಾಗುತ್ತದೆ. ಕೃಷ್ಣಮಠದ ಹತ್ತಿರ ರಥದ ಆಕಾರದಲ್ಲಿ ಒಟ್ಟಿದ ಸೌದೆಯನ್ನು ನೀವೇ ನೋಡಿರುತ್ತೀರಿ. ಅಷ್ಟು ಸೌದೆ ಉರಿಯಬೇಕಾದರೆ ಎಷ್ಟು ಅಕ್ಕಿ ಬೇಯಬೇಕು, ಅಷ್ಟು ಅಕ್ಕಿಗೆ ಎಷ್ಟು ದುಡ್ಡು ಬೇಕು, ನೀವೇ ಲೆಕ್ಕ ಹಾಕಿ.

ಶಿರೂರಿನ ಶ್ರೀ ಲಕ್ಷ್ಮೀಂದ್ರತೀರ್ಥರು 1919ರಲ್ಲಿ ಪೀಠಕ್ಕೆ ಬಂದಾಗ ಅವರಿಗೆ ಇನ್ನೂ ಪ್ರಾಯ ತುಂಬಿರಲಿಲ್ಲ. 1926ರ ಹೊತ್ತಿಗೆ ಆಡಳಿತ ಕೈಗೆ ಬಂತು, ಜತೆಗೆ ಮಠದ ಹಳೇ ಸಾಲವೂ ಬಂತು. ನಾಲ್ಕು ವರ್ಷದಲ್ಲಿ ಅದರ ದೊಡ್ಡ ಪಾಲನ್ನು ತೀರಿಸಿದರು. ಅಷ್ಟರಲ್ಲಿ 1931ರ ಪರ್ಯಾಯ. ಮತ್ತೆ ಸಾಲ. ಆಮೇಲೆ ಸ್ವಲ್ಪ ಚೇತರಿಸಿಕೊಂಡರು ಅನ್ನುವಾಗ 1946ಕ್ಕೆ ಅವರ ಎರಡನೇ ಪರ್ಯಾಯ ಬಂತು. ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಸಾಮಾನು ಸಿಗುವುದಿಲ್ಲ, ಸಿಕ್ಕರೆ ಬೆಂಕಿ ಬೆಲೆ. ಪೂಜೆ ಬಿಡುವಂತಿಲ್ಲ, ಊಟ ನಿಲ್ಲಿಸುವಂತಿಲ್ಲ. ಸಾಲ ಸುಮಾರು ಒಂದು ಲಕ್ಷ ರೂಪಾಯಿಗೆ ಹತ್ತಿತು. ಆ ಕಾಲದ ಒಂದು ಲಕ್ಷ!

ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಅಲ್ಲಿನ ಹಿಂದೂ ಧಾರ್ಮಿಕ ದತ್ತಿ ಮಂಡಳಿ ನಡುವೆ ಬಂತು. ಮಠಕ್ಕೆ ಒಬ್ಬ ತಕ್ಕ ಮ್ಯಾನೇಜರನ್ನು ನೇಮಿಸಿ ಅಂತ ಸ್ವಾಮಿಗಳಿಗೆ ಹೇಳಿತು. ಸ್ವಾಮಿಗಳು ನೇಮಿಸಿದರು. ಇಬ್ಬರಿಗೂ ಹೊಂದಿಕೆಯಾಗಲಿಲ್ಲ, ಸ್ವಾಮಿಗಳು ಮ್ಯಾನೇಜರರ ಅಧಿಕಾರವನ್ನು ಹಿಂದಕ್ಕೆ ತೆಗೆದುಕೊಂಡರು. ಆಗ ಮಂಡಳಿ ಮಠದ ಆಡಳಿತಕ್ಕೇ ಒಂದು ಸ್ಕೀಮು, ಅಂದರೆ ಆಡಳಿತ ಹೀಗೇ ನಡೆಯಬೇಕು ಅನ್ನುವ ಕಟ್ಟಳೆ, ಹಾಕಲು ಹೊರಟಿತು. ಸ್ವಾಮಿಗಳು ಸುಮ್ಮನಿರಲಿಲ್ಲ. ಮದ್ರಾಸ್ ಹೈಕೋರ್ಟಿಗೆ ಹೋದರು, 1951ರ ಡಿಸೆಂಬರಿನಲ್ಲಿ ಗೆದ್ದರು. ಅಲ್ಲಿಂದ ಸರ್ಕಾರದ ಧಾರ್ಮಿಕ ದತ್ತಿ ಕಮಿಷನರು ಸುಪ್ರೀಂ ಕೋರ್ಟಿಗೆ ಹೋದರು. ಅಲ್ಲಿಯೂ 1954ರ ಮಾರ್ಚ್ 16ರಂದು ಸ್ವಾಮಿಗಳೇ ಗೆದ್ದರು.

ತೀರ್ಪು ಬರೆದವರು ನ್ಯಾಯಮೂರ್ತಿ ಬಿಜನ್ ಕುಮಾರ್ ಮುಖರ್ಜಿ. ಅದರಲ್ಲಿ ಅವರು ಹೇಳಿದ್ದನ್ನು ಸರಳವಾಗಿ ಹೇಳುತ್ತೇನೆ. ಇಂಥ ಹೊತ್ತಿಗೆ ದೇವರಿಗೆ ನೈವೇದ್ಯ ಇಡಬೇಕು, ಇಂಥ ದಿನ ಇಂಥ ಉತ್ಸವ ನಡೆಯಬೇಕು, ಹೋಮ ಆಗಬೇಕು, ಗ್ರಂಥ ಓದಬೇಕು ಅಂತ ಒಂದು ಧರ್ಮ ಹೇಳಿದರೆ ಅದೆಲ್ಲವೂ ಧರ್ಮವೇ. ಅದಕ್ಕೆ ದುಡ್ಡು ಖರ್ಚಾಗುತ್ತದೆ ಅನ್ನುವ ಕಾರಣಕ್ಕೆ ಅದು ವ್ಯವಹಾರ ಆಗುವುದಿಲ್ಲ. ಯಾವುದು ಧರ್ಮಕ್ಕೆ ಬೇಕೇ ಬೇಕು ಅನ್ನುವುದನ್ನು ಆ ಧರ್ಮದ ತತ್ವಗಳನ್ನೇ ನೋಡಿ ತಿಳಿಯಬೇಕು. ಸರ್ಕಾರದ ಅಧಿಕಾರಿ ಮನಸ್ಸು ಬಂದಾಗ ಮಠದ ಒಳಗೆ ಎಲ್ಲಿ ಬೇಕೆಂದರಲ್ಲಿ ನುಗ್ಗುವಂತಿಲ್ಲ. ಮಠಾಧಿಪತಿಯನ್ನು ಸರ್ಕಾರಿ ನೌಕರನ ಹಾಗೆ ನಡೆಸಿಕೊಳ್ಳುವಂತಿಲ್ಲ. ಮಠದ ವರಮಾನದ ಮೇಲೆ ಸರ್ಕಾರ ವಸೂಲಿ ಮಾಡುತ್ತಿದ್ದ ವಂತಿಗೆಯನ್ನೂ ಕೋರ್ಟು ಹೊಡೆದುಹಾಕಿತು, ಇದು ಸೇವೆಗೆ ತೆಗೆದುಕೊಳ್ಳುವ ಶುಲ್ಕ ಅಲ್ಲ, ತೆರಿಗೆ ಅಂತ.

ಈಗ ಇನ್ನೊಂದು ಬದಿ ಕೇಳಿ. ಅದೇ ತೀರ್ಪಿನಲ್ಲಿ, ಅದೇ ಜಾಗದಲ್ಲಿ, ಪೂಜೆ ಧರ್ಮದ್ದೇ ಆದರೂ ಅದಕ್ಕೆ ಎಷ್ಟು ಖರ್ಚು ಮಾಡಬೇಕು ಅನ್ನುವುದು ಆಸ್ತಿಯ ಆಡಳಿತಕ್ಕೆ ಸೇರಿದ್ದು, ಅದನ್ನು ಕಾನೂನು ಹಿಡಿತದಲ್ಲಿಡಬಹುದು ಅಂತಲೂ ಇದೆ. ನೈವೇದ್ಯ ಇಡಬೇಕೋ ಬೇಡವೋ, ಅದು ಮಠದ ಮಾತು. ನೈವೇದ್ಯದ ಅಕ್ಕಿಯ ಬಿಲ್ಲು ಎಷ್ಟಾಯಿತು, ಅದನ್ನು ಕಾನೂನು ಕೇಳಬಹುದು. ಪೂಜೆ ನಿಮ್ಮದು, ಲೆಕ್ಕ ಊರಿನದು. ಸಂವಿಧಾನ ಜಾರಿಗೆ ಬಂದು ನಾಲ್ಕೇ ವರ್ಷವಾಗಿತ್ತು. ಧರ್ಮದ ಸ್ವಾತಂತ್ರ್ಯ ಕೊಡುವ ಅದರ 25 ಮತ್ತು 26ನೇ ವಿಧಿಗಳ ಅರ್ಥ ಏನು ಅಂತ ದೇಶಕ್ಕೆ ತೋರಿಸಿಕೊಟ್ಟದ್ದು ಉಡುಪಿಯ ಅಡುಗೆಮನೆಯ ಸಾಲ. ಇವತ್ತಿಗೂ ದೇವರ ವಿಷಯದ ಕೇಸು ಯಾವ ಕೋರ್ಟಿಗೆ ಬಂದರೂ ವಕೀಲರು ಮೊದಲು ಹೇಳುವ ಹೆಸರು ಶಿರೂರು ಮಠ. ನನಗಂತೂ ಅದನ್ನು ಕೇಳಿದಾಗಲೆಲ್ಲ ಹೆಮ್ಮೆಯಾಗುತ್ತದೆ.

ಇದಾಗಿ ಎರಡೇ ದಿನಕ್ಕೆ, ಮಾರ್ಚ್ 18ಕ್ಕೆ, ಮುಂಬೈಯದೇ ಕೇಸಿನ ತೀರ್ಪು ಬಂತು. ರತಿಲಾಲ್ ಪಾನಾಚಂದ್ ಗಾಂಧಿ ಕೇಸು. ಜೈನ ಬಸದಿಯ ಕಡೆಯವರು, ಪಾರ್ಸಿ ಪಂಚಾಯತ್‌ನ ಟ್ರಸ್ಟಿಗಳು 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ ಕಾಯ್ದೆಯ ವಿರುದ್ಧ ಹೋಗಿದ್ದರು. ಬರೆದವರು ಅದೇ ಮುಖರ್ಜಿಯವರು, ಹಿಡಿದದ್ದು ಅದೇ ದಾರಿ. ಟ್ರಸ್ಟುಗಳ ಮೇಲೆ ಕಣ್ಣಿಡುವ ಸರ್ಕಾರಿ ಅಧಿಕಾರಿ ಚ್ಯಾರಿಟಿ ಕಮಿಷನರನ್ನೇ ತಂದು ಮಠ ಮಂದಿರದ ಟ್ರಸ್ಟಿಯಾಗಿ ಕೂರಿಸುವ ಕಲಮನ್ನು ತೆಗೆದುಹಾಕಿದರು. ಲೆಕ್ಕಪತ್ರ ನೋಡುವ ವ್ಯವಸ್ಥೆಯನ್ನು, ಅದರ ಖರ್ಚಿಗೆ ಟ್ರಸ್ಟುಗಳು ಕೊಡುವ ಶುಲ್ಕವನ್ನು ಉಳಿಸಿಕೊಂಡರು. ಹಿಂದೂ ಮಠಕ್ಕೆ ಒಂದು, ಜೈನರಿಗೆ ಒಂದು, ಪಾರ್ಸಿಗಳಿಗೆ ಇನ್ನೊಂದು ಅಂತ ಕೋರ್ಟು ಹೇಳಲಿಲ್ಲ. ನಮ್ಮ ಮೇಲೆ ಮಾತ್ರ ಕಾನೂನು ಅಂತ ಗೊಣಗುವವರು ಇದನ್ನು ಗಮನಿಸಬೇಕು.

ಆ ಕಾಯ್ದೆ ಈಗ ಮಹಾರಾಷ್ಟ್ರ ಪಬ್ಲಿಕ್ ಟ್ರಸ್ಟ್ ಕಾಯ್ದೆ ಆಗಿದೆ. ವರ್ಲಿಯ ಚ್ಯಾರಿಟಿ ಕಮಿಷನರ್ ಆಫೀಸು ನಡೆಸುವುದು ಅದನ್ನೇ. ನಿಮ್ಮ ಭಜನಾ ಮಂಡಳಿ, ಶನಿಪೂಜಾ ಸಮಿತಿ, ಕನ್ನಡ ಸಂಘ ನೋಂದಣಿಯಾಗಿದ್ದರೆ ಅದರ ಹೆಸರು ಅಲ್ಲಿನ ರಿಜಿಸ್ಟರಿನಲ್ಲಿದೆ. ಸಮಿತಿ ಬದಲಾದರೆ 90 ದಿನದೊಳಗೆ ಚೇಂಜ್ ರಿಪೋರ್ಟ್ ಹಾಕಬೇಕು. ಟ್ರಸ್ಟಿನ ಜಾಗ ಮಾರಬೇಕಾದರೆ ಮೊದಲೇ ಅನುಮತಿ ಬೇಕು. ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಒಂದು ಸಮಿತಿಯವರು ನನ್ನ ಮುಂದೆ ಕೂತಿದ್ದರು. ಹಲವು ವರ್ಷದ ಜಮಾಖರ್ಚು ಒಂದು ಡೈರಿಯಲ್ಲಿ, ರಸೀದಿಯ ಅರ್ಧಕ್ಕರ್ಧ ಕೌಂಟರ್ ಫಾಯಿಲ್ ಇಲ್ಲ, ತೀರಿಹೋದ ಟ್ರಸ್ಟಿಗಳ ಹೆಸರೇ ರಿಜಿಸ್ಟರಿನಲ್ಲಿ ಉಳಿದಿದೆ. ನೋಟಿಸು ಬಂದಾಗ ಅವರ ಮಾತು ಏನು ಗೊತ್ತೇ? "ನಮ್ಮ ಧರ್ಮದ ಮೇಲೆ ದಾಳಿ." ಎಂಥ ದಾಳಿ ಸ್ವಾಮಿ? ಪೂಜೆ ಎಷ್ಟು ಹೊತ್ತಿಗೆ ಅಂತ ನೋಟಿಸಿನಲ್ಲಿ ಒಂದು ಸಾಲೂ ಇರಲಿಲ್ಲ. ಕೇಳಿದ್ದು ಆಡಿಟ್ ರಿಪೋರ್ಟು. ಹೋಟೆಲಿನ ಗಲ್ಲಾದಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ರಾತ್ರಿ ನಿದ್ದೆ ಮಾಡದ ನಾವು, ದೇವರ ದುಡ್ಡಿಗೆ ಮಾತ್ರ ಡೈರಿ ಸಾಕು ಅಂದರೆ ಹೇಗೆ?

ಲೆಕ್ಕದ ಹಾಗೆಯೇ ಬಾಗಿಲು. ಇದಕ್ಕೂ ನಮ್ಮೂರಿನದೇ ಕೇಸು. ಮೂಲ್ಕಿಯ ವೆಂಕಟರಮಣ ದೇವಸ್ಥಾನದ್ದು. ಇದು ಗೌಡ ಸಾರಸ್ವತರ ದೇವಸ್ಥಾನ, ಎಲ್ಲರಿಗೂ ಬಾಗಿಲು ತೆರೆಯಿರಿ ಅಂತ ಹೇಳುವ ಕಾನೂನು ನಮಗೆ ಬೇಡ ಅಂತ ಟ್ರಸ್ಟಿಗಳು ಹೋಗಿದ್ದರು. 1957ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಹೌದು, ದೇವಸ್ಥಾನ ನಿಮ್ಮ ಸಮಾಜದ್ದೇ. ನಿಮ್ಮವರಿಗೆ ಮಾತ್ರ ಅಂತ ಇರುವ ಕೆಲವು ವಿಶೇಷ ಸೇವೆಗಳನ್ನು ನೀವೇ ಇಟ್ಟುಕೊಳ್ಳಿ. ಉಳಿದ ಹೊತ್ತಿನಲ್ಲಿ ಯಾವ ಜಾತಿಯ ಹಿಂದೂ ಬಂದರೂ ದೇವರ ದರ್ಶನ ಆಗಬೇಕು. ಅಲ್ಲಿಯೂ ಸೇವೆಗೆ ಕೈ ಹಾಕಲಿಲ್ಲ. ಬಾಗಿಲು ಮಾತ್ರ ತೆರೆಸಿದರು.

ಮಹಾರಾಷ್ಟ್ರದ್ದು ನಿಮಗೇ ನೆನಪಿರುತ್ತದೆ. ನಮ್ಮವರು ಬಸ್ಸು ಮಾಡಿಕೊಂಡು ಹೋಗುವ ಶನಿ ಶಿಂಗ್ಣಾಪುರ. ಅಲ್ಲಿನ ಕಟ್ಟೆಯ ಮೇಲೆ ಹೆಂಗಸರು ಹತ್ತಬಾರದು ಅಂತ ಇತ್ತು. 2015ರ ನವೆಂಬರಿನಲ್ಲಿ ಒಬ್ಬ ಹೆಣ್ಣುಮಗಳು ಹತ್ತಿದಳು, ಕಟ್ಟೆಗೆ ಶುದ್ಧಿ ಮಾಡಿದರು. ಬಾಂಬೆ ಹೈಕೋರ್ಟು 1956ರ ಕಾನೂನನ್ನು ತೆಗೆದು ತೋರಿಸಿತು. ಗಂಡಸರು ಹೋಗುವ ಕಡೆ ಹೆಂಗಸರೂ ಹೋಗಬಹುದು, ತಡೆದರೆ ಶಿಕ್ಷೆ. ಅರುವತ್ತು ವರ್ಷದಿಂದ ಆ ಕಾನೂನು ಪುಸ್ತಕದಲ್ಲೇ ಇತ್ತು! 2016ರ ಏಪ್ರಿಲ್ 8ಕ್ಕೆ, ಯುಗಾದಿಯ ದಿನವೇ, ಟ್ರಸ್ಟಿನವರು ಒಪ್ಪಿದರು. ನಮ್ಮ ಶನಿಪೂಜಾ ಸಮಿತಿಗಳಲ್ಲಿ ಪ್ರಸಾದ ತಯಾರಿಸಿ, ಬಾಳೆ ಎಲೆ ಒರೆಸಿ, ನೂರಾರು ಜನಕ್ಕೆ ಬಡಿಸುವವರು ಯಾರು? ಹೆಂಗಸರು ತಾನೆ? ಅವರು ಕಟ್ಟೆ ಹತ್ತಿದರೆ ಶನಿದೇವರಿಗೆ ಮೈಲಿಗೆ ಅಂದರೆ ನನಗೆ ಸಹಿಸಲು ಆಗುವುದಿಲ್ಲ.

ಅದೇ ವರ್ಷ ಆಗಸ್ಟ್ 26ಕ್ಕೆ ಹಾಜಿ ಅಲಿ ದರ್ಗಾದ ತೀರ್ಪು. ಅಲ್ಲಿ ಮೊದಲು ಹೆಂಗಸರು ಗೋರಿಯ ಹತ್ತಿರದವರೆಗೆ ಹೋಗುತ್ತಿದ್ದರು, 2012ರ ಹೊತ್ತಿಗೆ ಟ್ರಸ್ಟು ತಡೆ ಹಾಕಿತ್ತು. ನೂರ್‌ಜಹಾನ್ ನಿಯಾಜ್ ಮತ್ತು ಝಕಿಯಾ ಸೋಮನ್ ಕೋರ್ಟಿಗೆ ಹೋದರು. ಹೈಕೋರ್ಟು ತಡೆಯನ್ನು ತೆಗೆಯಿತು. ಸುಪ್ರೀಂ ಕೋರ್ಟಿನ ಮುಂದೆ ಟ್ರಸ್ಟು ತಾನೇ ಒಪ್ಪಿಕೊಂಡಿತು. ಆ ನವೆಂಬರಿನಲ್ಲಿ ಹೆಂಗಸರು ಒಳಗೆ ಹೋಗಿ ಚಾದರ ಅರ್ಪಿಸಿ ಬಂದರು. ಇವರಿಬ್ಬರೂ ನಂಬಿಕೆಯುಳ್ಳ ಮುಸ್ಲಿಂ ಹೆಂಗಸರು, ಇದನ್ನು ಮರೆಯಬೇಡಿ. ಕೋರ್ಟಿಗೆ ಹೋದವರೆಲ್ಲ ದೇವರನ್ನು ನಂಬದವರು ಅಂತ ತಿಳಿಯುವುದು ದೊಡ್ಡ ತಪ್ಪು. ನಂಬಿದವರಿಗೇ ಅಲ್ವಾ ಒಳಗೆ ಹೋಗುವ ಆಸೆ ಇರುವುದು?

ಸಮಯ ಮುಗಿಯುತ್ತಾ ಬಂತು ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಲೌಡ್‌ಸ್ಪೀಕರಿನ ವಿಷಯ ತುಂಬ ಹೇಳಬೇಕಿತ್ತು, ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೇಡ ಅಂತ 2000ನೇ ಇಸವಿಯ ನಿಯಮ. ಲೌಡ್‌ಸ್ಪೀಕರು ಯಾವ ಧರ್ಮದ ಅಗತ್ಯ ಅಂಗವೂ ಅಲ್ಲ ಅಂತ ಬಾಂಬೆ ಹೈಕೋರ್ಟು 2025ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿದೆ. ಭಜನೆ ನಿಮ್ಮದು, ಪಕ್ಕದ ಚಾಳಿನ ಮಗುವಿನ ನಿದ್ದೆ ಊರಿನದು.

ಇನ್ನೊಂದು ಕೆಲಸದ ಮಾತು. ನಿಮ್ಮೂರಿನ ದೇವಸ್ಥಾನದ ಬ್ರಹ್ಮಕಲಶಕ್ಕೆ ಅಂತ ಮುಂಬೈ ಸಮಿತಿಯವರು ರಸೀದಿ ಪುಸ್ತಕ ಹಿಡಿದು ಮನೆಗೆ ಬರುತ್ತಾರೆ. ಧಾರಾಳವಾಗಿ ಕೊಡಿ, ನಾನೂ ಕೊಡುತ್ತೇನೆ. ಕೊಡುವಾಗ ರಸೀದಿಯ ಮೇಲೆ ನೋಂದಣಿ ನಂಬರು ಇದೆಯೇ ನೋಡಿ. ಮಹಾಸಭೆಗೆ ಹೋಗಿ. ಲೆಕ್ಕ ಓದುವ ಹೊತ್ತಿಗೆ ಎಲ್ಲರೂ ಎದ್ದು ಚಹಾಕ್ಕೆ ಹೋಗುತ್ತಾರೆ, ನೀವು ಮಾತ್ರ ಕೂತಿರಿ. ಹೋದ ವರ್ಷದ ಚೇಂಜ್ ರಿಪೋರ್ಟ್ ಹಾಕಿದ್ದೀರಾ ಅಂತ ಕೇಳಿ. ಕೇಳಿದವರನ್ನು ಅಧ್ಯಕ್ಷರು ಗುರಾಯಿಸಿದರೆ, ಎರಡನೇ ಸಲವೂ ಕೇಳಿ.

ನಮಸ್ಕಾರ.