ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಒಬ್ಬರಿಗೆ ಹಾರ್ಟ್ ಅಟ್ಯಾಕ್ ಆದಾಗ, ಲಕ್ವ ಹೊಡೆದಾಗ ಜನ ಓಡಿ ಬರುತ್ತಾರೆ. ಆಸ್ಪತ್ರೆಗೆ ಸೇರಿಸುತ್ತಾರೆ, ದುಡ್ಡು ಹೊಂದಿಸುತ್ತಾರೆ, ರಾತ್ರಿ ಕಾವಲು ಕೂರುತ್ತಾರೆ. ಡಿಸ್ಚಾರ್ಜ್ ಆಗಿ ಎರಡು ತಿಂಗಳಾಗಲಿ, ಬಾಗಿಲು ತಟ್ಟುವವರೇ ಇರುವುದಿಲ್ಲ. ಜೀವ ಉಳಿಯಿತಲ್ಲ ಅಂತ ಎಲ್ಲರಿಗೂ ಸಮಾಧಾನ. ಆದರೆ ನಿಜವಾದ ಕಷ್ಟ ಶುರುವಾಗುವುದೇ ಆಗ. ಸೇವಾ ಸಂಸ್ಥೆಗಳ ಕೆಲಸ ಇರುವುದೂ ಅಲ್ಲೇ.

ಲಕ್ವ ಹೊಡೆದ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾತು ತೊಡಕಾಗುತ್ತದೆ. ಅಫೇಸಿಯಾ ಅಂತ ಅದರ ಹೆಸರು. ಬುದ್ಧಿ ಮಂಕಾಗಿರುವುದಿಲ್ಲ, ಬೇಕಾದ ಪದ ಮಾತ್ರ ಸಿಗುವುದಿಲ್ಲ. ನೀರು ಕೇಳಬೇಕು, ಬಾಯಿಗೆ ಬರುವುದು 'ಕಿಟಕಿ'. ಅಲ್ಲ ಅಂತ ಅವರೇ ತಲೆ ಅಲ್ಲಾಡಿಸುತ್ತಾರೆ. ಮತ್ತೆ ಬಾಯಿ ತೆರೆಯುತ್ತಾರೆ. ಮತ್ತೆ 'ಕಿಟಕಿ'. ನೋಡುತ್ತಾ ಕೂರುವುದು ಕಷ್ಟ, ಅನುಭವಿಸುವುದು ಇನ್ನೂ ಕಷ್ಟ ಅಲ್ವಾ?

1965ರಲ್ಲಿ ಹಾಲಿವುಡ್ ನಟಿ ಪೆಟ್ರೀಷಿಯಾ ನೀಲ್ ಅವರಿಗೆ ಹೀಗೇ ಆಯಿತು. ಆಗ ಅವರಿಗೆ 39 ವರ್ಷ. ಬಸುರಿ ಬೇರೆ. ಮಿದುಳಲ್ಲಿ ರಕ್ತಸ್ರಾವವಾಗಿ ಮಾತು ಹೋಯಿತು, ಬಲಭಾಗ ಸೋತಿತು. ಇಂಗ್ಲೆಂಡಿನ ಹಳ್ಳಿಮನೆಗೆ ಮರಳಿದ ಮೇಲೆ ಅವರ ಗಂಡ, ಲೇಖಕ ರೋಲ್ಡ್ ಡಾಲ್, ಅಕ್ಕಪಕ್ಕದವರನ್ನೂ ಗೆಳೆಯರನ್ನೂ ಸರದಿಯ ಮೇಲೆ ಬರಹೇಳಿದರು. ಬಂದವರು ಜೊತೆಗೆ ಕೂತು ಓದಿಸಿದರು, ಆಟ ಆಡಿಸಿದರು, ಮಾತಾಡಿಸಿದರು. ಅವರಲ್ಲಿ ವ್ಯಾಲೆರಿ ಈಟನ್ ಗ್ರಿಫಿತ್ ಎಂಬ ನೆರೆಯಾಕೆ ಚಿಕಿತ್ಸೆಯ ತರಬೇತಿ ಪಡೆದವರೇ ಅಲ್ಲ. ಮೂರೇ ವರ್ಷದಲ್ಲಿ ನೀಲ್ ಮತ್ತೆ ತೆರೆಯ ಮೇಲೆ ಬಂದರು, ಆಸ್ಕರ್‌ಗೂ ನಾಮನಿರ್ದೇಶನವಾಯಿತು. ಗ್ರಿಫಿತ್ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಎದೆ ಮತ್ತು ಹೃದಯದ ಕಾಯಿಲೆಯವರಿಗಾಗಿ ದುಡಿಯುತ್ತಿದ್ದ ಸಂಸ್ಥೆಯ ಜೊತೆ ಸೇರಿ, 1970ರ ದಶಕದಲ್ಲಿ ಇದನ್ನೇ ಸ್ವಯಂಸೇವಕರ ಯೋಜನೆಯಾಗಿ ಬೆಳೆಸಿದರು. ನನಗೆ ಈ ಕತೆ ಬಹಳ ಹತ್ತಿರದ್ದು. ಯಾಕೆಂದರೆ ಅಲ್ಲಿ ದಾನವಾಗಿ ಬಂದಿದ್ದು ಹೊತ್ತು.

ಶ್ವಾಸಕೋಶದ ಕಾಯಿಲೆಯವರ ಪಾಡು ಬೇರೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಆ ಹೆದರಿಕೆಗೆ ಕೂತಲ್ಲೇ ಕೂರುತ್ತಾರೆ. ಕೂತಷ್ಟೂ ಕಾಲಿನ ಶಕ್ತಿ ಕುಗ್ಗುತ್ತದೆ, ಆಮೇಲೆ ದಮ್ಮು ಇನ್ನೂ ಜಾಸ್ತಿ. ಆರೆಂಟು ವಾರದ ವ್ಯಾಯಾಮ ತರಬೇತಿ ಈ ಸುಳಿಯಿಂದ ಹೊರತರುತ್ತದೆ. ಅಲ್ಲಿ ಉಸಿರಾಟವನ್ನೂ ಹೇಳಿಕೊಡುತ್ತಾರೆ. ಮೂಗಲ್ಲಿ ಎಳೆದುಕೊಳ್ಳಬೇಕು. ತುಟಿ ಮುಂದೆ ಮಾಡಿ, ದೀಪದ ಕುಡಿ ಅಲುಗಬೇಕು, ಆದರೆ ಆರಬಾರದು, ಹಾಗೆ ನಿಧಾನ ಬಿಡಬೇಕು. ತರಬೇತಿ ಮುಗಿದ ಮೇಲೆ ಮನೆಯಲ್ಲಿ ಒಬ್ಬರೇ ಮಾಡಿ ಅಂದರೆ ಎಷ್ಟು ದಿನ ನಡೆಯುತ್ತದೆ? ಅದಕ್ಕೇ ಸಂಸ್ಥೆಗಳು ಗುಂಪು ಕಟ್ಟುತ್ತವೆ. ಒಬ್ಬರು ಬರದಿದ್ದರೆ ಇನ್ನೊಬ್ಬರು ಯಾಕೆ ಬರಲಿಲ್ಲ ಅಂತ ಫೋನ್ ಮಾಡುತ್ತಾರೆ.

ಹೃದಯದ ಕಾಯಿಲೆಯವರಿಗೂ ಅಷ್ಟೇ. ಎದೆಯಲ್ಲಿ ಸಣ್ಣಗೆ ಚುಳುಕ್ ಅಂದರೂ ಜೀವ ಹಾರಿದಂತಾಗುತ್ತದೆ. ಅದನ್ನು ದಾಟಿ ಬಂದವರೊಬ್ಬರು 'ನನಗೂ ಹೀಗೇ ಆಗ್ತಿತ್ತು' ಅಂದರೆ ಸಿಗುವ ಧೈರ್ಯವೇ ಬೇರೆ. ಡಾಕ್ಟರಿಗೆ ತೋರಿಸಲೇಬೇಕು, ಅದು ಬೇರೆ ಮಾತು.

ನಿಮಗೆ ವಾರಕ್ಕೊಂದು ಗಂಟೆ ಬಿಡುವಿದ್ದರೆ ಇಂಥ ಸಂಸ್ಥೆಯೊಂದನ್ನು ವಿಚಾರಿಸಿ. ಇಲ್ಲವೇ ಮಾತು ತೊಡಕಾದವರಿರುವ ಗೊತ್ತಿನ ಮನೆಗೇ ಹೋಗಿ. ಟಿವಿ ಆರಿಸಿ, ಎದುರಿಗೆ ಕೂರಿ. ಹೌದು, ಅಲ್ಲ ಅಂತ ಹೇಳಿದರೆ ಸಾಕಾಗುವಂಥ ಪ್ರಶ್ನೆ ಕೇಳಿ. ಅವರು ಪದ ಹುಡುಕುವಾಗ ನೀವು ಮಾತು ಮುಗಿಸಿಬಿಡಬೇಡಿ, ಕಾಯಿರಿ. ಅಷ್ಟು ಹೊತ್ತು, ಹಗಲೂ ರಾತ್ರಿ ಅವರನ್ನು ನೋಡಿಕೊಳ್ಳುವವರು ಪಕ್ಕದ ಕೋಣೆಯಲ್ಲಿ ಒಂದು ನಿದ್ದೆ ತೆಗೆಯಲಿ.

ನಮಸ್ಕಾರ.